ಅಜ್ಜಿಯ ಜೊತೆ ಒಂದು ವರ್ಷದ ಜಗಳ

ನಾನು ಶಾಲೆಗೆ ಹೋಗುವುದಿಲ್ಲ ಅಂದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಹಾಗಾದರೆ ದಿನವಿಡೀ ಏನು ಮಾಡ್ತೀಯಾ?’ ನನಗೀಗ 15 ವರ್ಷ. ಗಣಿತ, ವಿಜ್ಞಾನ ಅಮ್ಮನ ಹತ್ತಿರ ಕಲಿಯುತ್ತೇನೆ. ಹತ್ತನೇ ತರಗತಿಯ ಪರೀಕ್ಷೆಯನ್ನು ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ ಬರೆಯಲಿದ್ದೇನೆ. ಆದರೆ ಕಳೆದ ಜೂನ್‌ನಿಂದ ಬೆಳಗಿನ ತಿಂಡಿಯಾದ ಮೇಲಿನ ಒಂದು ಗಂಟೆ ಅಜ್ಜಿಗೆ ಮೀಸಲು. ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು, ಆಮೇಲೆ ಜಗಳ. ಚರ್ಚೆ ಅನ್ನಬೇಕೇನೋ, ನಮ್ಮ ಮೈಸೂರಿನ ಮನೆಯಲ್ಲಿ ಅದು ಜಗಳವೇ.

ಅಜ್ಜಿಯದು ಒಂದೇ ನಿಯಮ. ಓದಿದವರು ಒಂದು ಪ್ರಶ್ನೆ ಕೇಳಬೇಕು, ಉತ್ತರ ಗೊತ್ತಿರುವ ಪ್ರಶ್ನೆ ಕೇಳುವ ಹಾಗಿಲ್ಲ.

ಮೊದಲು ಹಿಡಿದದ್ದು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ಸುಮಾರು 800 ವರ್ಷ ಹಳೆಯದು, ವಾರ್ಧಕ ಷಟ್ಪದಿ. ಸಾಲಿನ ಕೊನೆಗೆ ಪದ ಮುಗಿಯುವುದೇ ಇಲ್ಲ, ಅರ್ಧ ಮುಂದಿನ ಸಾಲಿಗೆ ಹೋಗಿ ಕೂತಿರುತ್ತದೆ! ಅಜ್ಜಿ ಅರ್ಥ ಹೇಳಲಿಲ್ಲ, ಮೇಜು ತಟ್ಟಿದರು. ಐದೈದು ಮಾತ್ರೆಗೆ ಒಂದು ಪೆಟ್ಟು. ತಾಳ ಸಿಕ್ಕ ಮೇಲೆ ನಾಲಿಗೆ ತಡವರಿಸುವುದು ನಿಂತಿತು. ಅರ್ಥಕ್ಕೆ ಆಮೇಲೆ ನಿಘಂಟು.

ಹರಿಶ್ಚಂದ್ರ ಅಂದರೆ ಸತ್ಯ ಮತ್ತು ಸ್ಮಶಾನ ಅಷ್ಟೇ ಅಂದುಕೊಂಡಿದ್ದೀರಾ? ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹುಡುಗಿಯರೂ ಇದರಲ್ಲಿ ಬರುತ್ತಾರೆ. ಅವರ ಹಾಡಿಗೆ ರಾಜ ಮೆಚ್ಚುತ್ತಾನೆ. ಮದುವೆಯಾಗು ಅಂದಾಗ ಮಾತ್ರ ಕುಲ ಕೀಳೆಂದು ದೂರ ಸರಿಯುತ್ತಾನೆ. ಆಗ ಅವರು ವಾದ ಹೂಡುತ್ತಾರೆ. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಬರುತ್ತದೆಯೇ ಎಂಬುದು ಅದರ ಸಾರ.

‘ಇದಕ್ಕೆ ರಾಜ ಸರಿಯಾದ ಉತ್ತರ ಕೊಟ್ಟನಾ?’ ಎಂದು ಕೇಳಿದೆ. ಕೊಟ್ಟ ಅಂದರು ಅಜ್ಜಿ. ರಾಜನಿಗೆ ವಂಶದ ಮರ್ಯಾದೆ ಇರುತ್ತದಂತೆ, ಹುಡುಗಿಯರು ಬಂದದ್ದೂ ಮೋಸಕ್ಕಂತೆ. ನಾನು ಒಪ್ಪಲಿಲ್ಲ. ಮೂರು ದಿನ ಜಗಳ ನಡೆಯಿತು. ‘ಇದು ಪರೀಕ್ಷೆಗೆ ಬರುತ್ತಾ?’ ಅಂತ ಅಪ್ಪ ಕೇಳಿದ್ದಕ್ಕೆ ಇಬ್ಬರೂ ಉತ್ತರಿಸಲಿಲ್ಲ.

ಚಳಿಗಾಲದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಓದಿದೆವು. 1933ರ ಕಾದಂಬರಿ, ಸರಸರ ಓದಿಸಿಕೊಂಡು ಹೋಗುತ್ತದೆ. ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಬೇಕಾಗುತ್ತದಲ್ಲ ಎಂದು ಯಾರೂ ಎತ್ತುವುದಿಲ್ಲ. ಅಲ್ಲಿಗೆ ಬಂದಾಗ ಅಜ್ಜಿ ‘ನಿಲ್ಲಿಸು’ ಅಂದರು. ಪ್ರಶ್ನೆ ಕೇಳುವ ಸರದಿ ಅವರದು. ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗಿಯರು ಕೇಳಿದ್ದೂ ಇದನ್ನೇ ಅಲ್ವಾ?’ ಅಂದರು.

ಅಜ್ಜಿಯ ತವರು ಪುತ್ತೂರಿನ ಹತ್ತಿರ. ‘ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಒಬ್ಬಳು ಪಾಡ್ದನ ಹೇಳುತ್ತಿದ್ದಳು. ನಾನು ಕಟ್ಟಪುಣಿಯಲ್ಲಿ ನಿಂತು ಕೇಳಿಯೇ ಕಲಿತದ್ದು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಒಂದು ದಿನ ಕಾಲು ಜಾರಿದಾಗ ಅವಳು ಕೈ ಹಿಡಿದು ಎತ್ತಿದಳು ನೋಡು, ಮನೆಯಲ್ಲಿ ನನಗೆ ಬಾವಿಕಟ್ಟೆಯಲ್ಲಿ ತಲೆಗೆ ನೀರು. ಅವಳಿಗೆ ಬೈಗುಳ. ಆಮೇಲೆ ಅವಳು ನಾನು ಹತ್ತಿರ ಬಂದರೆ ಹಾಡುವುದನ್ನೇ ನಿಲ್ಲಿಸಿಬಿಟ್ಟಳು.’

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಆ ಹಾಡನ್ನು ತುಳುವಿನಲ್ಲೇ ಹೇಳತೊಡಗಿದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಅವಳೂ ಅದನ್ನು ಎಂದೂ ಕೇಳಿರಲಿಲ್ಲವಂತೆ.

‘ರಾಜ ಕೊಟ್ಟದ್ದು ಉತ್ತರ ಅಲ್ಲ ಮಾರಾಯ್ತಿ’ ಅಂದರು ಅಜ್ಜಿ, ಪುಸ್ತಕ ಮುಚ್ಚುತ್ತಾ.

ಈಗ ಕುಮಾರವ್ಯಾಸ ಶುರುವಾಗಿದೆ. ಜೊತೆಗೆ ಆ ಪಾಡ್ದನವನ್ನು ಕನ್ನಡ ಲಿಪಿಯಲ್ಲಿ ನನ್ನ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ. ಅರ್ಧಕ್ಕೆ ಬಂದು ನಿಂತಿದೆ, ಮುಂದಿನದು ಅಜ್ಜಿಗೆ ನೆನಪಾಗುತ್ತಿಲ್ಲ. ಆ ಹೆಂಗಸಿನ ಮನೆಯವರು ಈಗ ಎಲ್ಲಿದ್ದಾರೆಂದು ವಿಚಾರಿಸಲು ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದ್ದಾರೆ.