ನೀರಿನ ಲೋಹಕ್ಕೆ ಉರಿಯ ಸಾಕ್ಷಿ

ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಒಮ್ಮೆಲೇ ಹಳದಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಹಳದಿ, ಉಪ್ಪಿನಲ್ಲಿರುವ ಸೋಡಿಯಂ ಲೋಹದ ಗುರುತು. ಹೀಗೆಯೇ ಒಂದೊಂದು ಲೋಹಕ್ಕೂ ತನ್ನದೇ ಆದ ಬೆಳಕುಂಟು.

1860ರಲ್ಲಿ ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ವಿಜ್ಞಾನಿಗಳು ಖನಿಜ ಚಿಲುಮೆಯೊಂದರ ನೀರನ್ನು ಬತ್ತಿಸಿ, ಉಳಿದುದನ್ನು ಉರಿಗೆ ಹಿಡಿದು, ಆ ಬೆಳಕನ್ನು ಪಟ್ಟಕದ ಮೂಲಕ ಪರೀಕ್ಷಿಸಿದರು. ಅದುವರೆಗೆ ಯಾರೂ ಅರಿಯದಿದ್ದ ನೀಲಿ ಗೆರೆಗಳು ಕಂಡವು. ಸೀಸಿಯಂ ಎಂಬ ಹೊಸ ಲೋಹ ಹೀಗೆ ಪತ್ತೆಯಾಯಿತು.

ಲೋಹವಿದೆಯೆಂದು ತಿಳಿದರೆ ಸಾಲದು, ಎಷ್ಟಿದೆಯೆಂದೂ ತಿಳಿಯಬೇಕಷ್ಟೆ. 1955ರಲ್ಲಿ ಆಸ್ಟ್ರೇಲಿಯದಲ್ಲಿ ಆಲನ್ ವಾಲ್ಶ್ ಅವರು, ಲೋಹವು ಬೀರುವ ಬೆಳಕಿಗೆ ಬದಲಾಗಿ ಅದು ಹೀರುವ ಬೆಳಕನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ತಾಮ್ರವನ್ನು ಅಳೆಯಬೇಕೆನ್ನಿ. ತಾಮ್ರದಿಂದಲೇ ಮಾಡಿದ ದೀಪದ ಬೆಳಕನ್ನು ಸುಮಾರು 2300 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರಿಯ ಮೂಲಕ ಹಾಯಿಸುತ್ತಾರೆ. ನೀರನ್ನು ಮಂಜಿನಂತೆ ಆ ಉರಿಗೆ ಎರಚುತ್ತಾರೆ. ನೀರಿನಲ್ಲಿರುವ ತಾಮ್ರದ ಪರಮಾಣುಗಳು ಆ ಬೆಳಕಿನ ಒಂದಂಶವನ್ನು ಹೀರಿಕೊಳ್ಳುತ್ತವೆ. ಬೆಳಕು ಕುಂದಿದಷ್ಟೂ ತಾಮ್ರ ಹೆಚ್ಚು. ಪ್ರಮಾಣ ಗೊತ್ತಿರುವ ದ್ರಾವಣಗಳೊಡನೆ ಹೋಲಿಸಿದರೆ ಲೆಕ್ಕ ಸಿಕ್ಕಿತು.

ಆದರೆ ಈ ಲೆಕ್ಕ ನಿಜವಾಗುವುದೂ ಸುಳ್ಳಾಗುವುದೂ ಬಹುಮಟ್ಟಿಗೆ ಹೊಳೆಯ ದಡದಲ್ಲಿಯೇ! ಮೀನು ಮೊದಲಾದ ಜಲಚರಗಳ ಮೈಗೆ ಸುಲಭವಾಗಿ ಸೇರುವುದು ನೀರಿನಲ್ಲಿ ಕರಗಿದ ಲೋಹ. ಅದನ್ನು ಮಾತ್ರ ಅಳೆಯಬೇಕಾದರೆ, 0.45 ಮೈಕ್ರೋಮೀಟರ್ ರಂಧ್ರಗಳ ಸೋಸುಹಾಳೆಯಲ್ಲಿ ನೀರನ್ನು ಮೊದಲು ಸೋಸಿ, ಅನಂತರ ಕೊಂಚ ಶುದ್ಧ ನೈಟ್ರಿಕ್ ಆಮ್ಲವನ್ನು ಬೆರೆಸಬೇಕು. ಆಮ್ಲ ಬೆರೆಸದಿದ್ದರೆ ಲೋಹವು ಬಾಟಲಿಯ ಗೋಡೆಗೆ ಅಂಟಿಕೊಂಡು, ಕೆಟ್ಟ ನೀರೂ ಒಳ್ಳೆಯದೆನಿಸೀತು. ಸೋಸುವ ಮೊದಲೇ ಬೆರೆಸಿದರೆ, ಕೆಸರಿಗೆ ಅಂಟಿದ್ದ ಲೋಹವೂ ಕರಗಿ ಲೆಕ್ಕ ಏರೀತು. ಕುಡಿಯುವ ನೀರಿನ ಮಾತು ಬೇರೆ; ಕುಡಿಯುವವರ ಹೊಟ್ಟೆಗೆ ಎಲ್ಲವೂ ಹೋಗುವುದರಿಂದ ಅದನ್ನು ಸೋಸದೆಯೇ ಪರೀಕ್ಷಿಸುತ್ತಾರೆ.

ಮಕ್ಕಳ ಮಿದುಳಿಗೆ ಕೇಡುಮಾಡುವ ಸೀಸವು ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತದ ಮಾನಕ ಹೇಳುತ್ತದೆ. ಇಷ್ಟು ಅಲ್ಪವನ್ನು ಅಳೆಯಲು ಬರಿಯ ಉರಿ ಸಾಲದೆ, ಅದೇ ತತ್ತ್ವದ ಗ್ರಾಫೈಟ್ ಕುಲುಮೆಯನ್ನು ಬಳಸುವುದುಂಟು. ಸೀಸ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ನೀರು ಕುದಿಸಿದರೂ ಹೋಗದು. ಆದುದರಿಂದ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವವರು ಮನೆಯ ಹಳೆಯ ಬಾಟಲಿಯನ್ನು ಒಯ್ಯದೆ, ಬಾಟಲಿಯನ್ನೂ ತುಂಬುವ ಕ್ರಮವನ್ನೂ ಪ್ರಯೋಗಾಲಯದಿಂದಲೇ ಕೇಳಿ ಪಡೆಯುವುದು ಒಳ್ಳೆಯದು.