ಪೊಲೀಸರ ಮೇಲೆ ಮತದಾರರ ಕಣ್ಣು: ಬ್ರಿಟನ್ನಿನ ಪ್ರಯೋಗ ಮುಗಿಯುವ ಹೊತ್ತು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಪಡೆಯ ಮೇಲ್ವಿಚಾರಣೆಗೆಂದೇ ಜನ ನೇರವಾಗಿ ಚುನಾಯಿಸುವ ಹುದ್ದೆಯೊಂದಿದೆ. ‘ಪೊಲೀಸ್ ಮತ್ತು ಅಪರಾಧ ಆಯುಕ್ತ’ ಎಂಬ ಈ ಹುದ್ದೆಯಲ್ಲಿರುವವರು ಸಮವಸ್ತ್ರ ತೊಡುವ ಅಧಿಕಾರಿಯಲ್ಲ, ಚುನಾಯಿತ ಪ್ರತಿನಿಧಿ. ಈಗಿನ ಅವಧಿ ಮುಗಿಯುವ 2028ರ ಮೇ ತಿಂಗಳಿಗೆ ಹುದ್ದೆಯನ್ನೇ ರದ್ದುಪಡಿಸುವುದಾಗಿ ಅಲ್ಲಿನ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಜನರಿಗೆ ಈ ಹುದ್ದೆಯ ಪರಿಚಯವೇ ಇಲ್ಲ, ಅದನ್ನು ರದ್ದುಪಡಿಸಿದರೆ ಉಳಿಯುವ ಹಣವನ್ನು ಠಾಣೆ ಮತ್ತು ಗಸ್ತಿಗೆ ಬಳಸಬಹುದು ಎಂಬುದು ಸರ್ಕಾರದ ವಾದ. ಹುದ್ದೆ ಹೋದರೂ ಅದು ಉತ್ತರಿಸಲು ಹೊರಟಿದ್ದ ಪ್ರಶ್ನೆ ಹೋಗುವುದಿಲ್ಲ. ಬಂಧಿಸುವ, ಬಲ ಪ್ರಯೋಗಿಸುವ ಅಧಿಕಾರ ಉಳ್ಳವರು ಯಾರಿಗೆ ಲೆಕ್ಕ ಒಪ್ಪಿಸಬೇಕು?

ಸಮಿತಿಯಿಂದ ಒಬ್ಬರ ಕೈಗೆ

ಈ ಪ್ರಶ್ನೆಗೆ ಬ್ರಿಟನ್ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡು ಬಂದಿದೆ. 1829ರಲ್ಲಿ ಲಂಡನ್ ಪೊಲೀಸ್ ಪಡೆ ಹುಟ್ಟಿದಾಗ ಅದು ಗೃಹ ಸಚಿವರ ಅಧೀನದಲ್ಲಿತ್ತು. 1835ರ ಕಾನೂನು ಇತರ ಪಟ್ಟಣಗಳಲ್ಲಿ ಈ ಹೊಣೆಯನ್ನು ನಗರಸಭೆಯ ಸಮಿತಿಗಳಿಗೆ ವಹಿಸಿತು. 1964ರ ಕಾಯ್ದೆ ಅಧಿಕಾರವನ್ನು ಗೃಹ ಸಚಿವ, ಪಡೆಯ ಮುಖ್ಯಸ್ಥ ಮತ್ತು ಸ್ಥಳೀಯ ಪ್ರಾಧಿಕಾರದ ನಡುವೆ ಹಂಚಿತು. ಕಾಲಕ್ರಮದಲ್ಲಿ ಪ್ರಾಧಿಕಾರಗಳು ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ್ತು ಪಕ್ಷಾತೀತ ಸದಸ್ಯರನ್ನು ಒಳಗೊಂಡ, ಸಾಮಾನ್ಯವಾಗಿ 17 ಜನರ ಮಂಡಳಿಗಳಾದವು. ಕೆಲಸ ನಡೆಯುತ್ತಿತ್ತು, ಆದರೆ ಅಲ್ಲಿ ಕೂತವರು ಯಾರೆಂದು ಊರಿಗೆ ಗೊತ್ತಿರಲಿಲ್ಲ. ಎಲ್ಲರೂ ಹೊಣೆಗಾರರಾದ ಕಡೆ ಯಾರೊಬ್ಬರನ್ನೂ ಹಿಡಿದು ಕೇಳಲಾಗದು ಎಂಬ ಟೀಕೆ ಬಲವಾಯಿತು.

2011ರ ಪೊಲೀಸ್ ಸುಧಾರಣಾ ಕಾಯ್ದೆ ಹುಟ್ಟಿದ್ದು ಈ ಅಸಮಾಧಾನದಿಂದ. ಲಂಡನ್ ಹೊರತುಪಡಿಸಿ 41 ಪೊಲೀಸ್ ವ್ಯಾಪ್ತಿಗಳಲ್ಲಿ ಒಬ್ಬೊಬ್ಬ ಆಯುಕ್ತರನ್ನು ಚುನಾಯಿಸಲು ಅದು ಅವಕಾಶ ಕೊಟ್ಟಿತು. ಪಡೆಯ ಆದ್ಯತೆ ಗುರುತಿಸುವುದು, ಬಜೆಟ್ ನಿಗದಿಪಡಿಸುವುದು, ಸ್ಥಳೀಯ ತೆರಿಗೆಯಲ್ಲಿ ಪೊಲೀಸರ ಪಾಲು ಎಷ್ಟೆಂದು ಹೇಳುವುದು, ಪಡೆಯ ಮುಖ್ಯಸ್ಥರನ್ನು ನೇಮಿಸುವುದು, ಬೇಕಾದರೆ ತೆಗೆದುಹಾಕುವುದು ಇವರ ಅಧಿಕಾರ. ಅಪರಾಧಕ್ಕೆ ಬಲಿಯಾದವರಿಗೆ ನೆರವು ಒದಗಿಸುವ ಸೇವೆಗಳ ಹೊಣೆಯೂ ಮುಂದೆ ಇವರಿಗೆ ಬಂತು. ಆದರೆ ಯಾರನ್ನು ಬಂಧಿಸಬೇಕು, ಯಾವ ಪ್ರಕರಣ ತನಿಖೆಯಾಗಬೇಕು ಎಂದು ಹೇಳುವಂತಿಲ್ಲ. ಅದು ಪಡೆಯ ಮುಖ್ಯಸ್ಥರ ಸ್ವತಂತ್ರ ನಿರ್ಧಾರ. ಪಕ್ಷದ ಚಿಹ್ನೆಯಡಿ ಗೆದ್ದು ಬಂದವರು ನಿಷ್ಪಕ್ಷಪಾತದ ಪ್ರತಿಜ್ಞೆ ಸ್ವೀಕರಿಸಿ, ಈ ಗೆರೆಯೊಳಗೆ ನಡೆಯಬೇಕೆಂಬುದು ಕಾನೂನಿನ ಆಶಯ.

ಮತಗಟ್ಟೆಗೆ ಬಾರದ ಜನ

ಮೊದಲ ಚುನಾವಣೆ ನಡೆದದ್ದು 2012ರ ನವೆಂಬರ್ 15ರಂದು. ಚಳಿಗಾಲದ ಕತ್ತಲು ಬೇಗ ಕವಿಯುವ ತಿಂಗಳು, ಜೊತೆಗೆ ಬಹುತೇಕ ಕಡೆ ಬೇರೆ ಚುನಾವಣೆಯೂ ಇರಲಿಲ್ಲ. ಅಭ್ಯರ್ಥಿಗಳ ವಿವರವನ್ನು ಮನೆಮನೆಗೆ ಅಂಚೆಯಲ್ಲಿ ತಲುಪಿಸಲು ಸರ್ಕಾರ ಹಣ ಕೊಡಲಿಲ್ಲ, ಜಾಲತಾಣ ನೋಡಿಕೊಳ್ಳಿ ಎಂದಿತು. ಸಂಸತ್ತಿಗೆ ಸ್ಪರ್ಧಿಸುವವರ ಠೇವಣಿ 500 ಪೌಂಡ್ ಇದ್ದಾಗ ಈ ಹುದ್ದೆಗೆ 5,000 ಪೌಂಡ್ ಕಟ್ಟಬೇಕಿತ್ತು. ಮತ ಹಾಕಿದವರು ಶೇ 15ರಷ್ಟು ಮಾತ್ರ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಒಂದು ಮತಗಟ್ಟೆಗೆ ದಿನವಿಡೀ ಒಬ್ಬ ಮತದಾರರೂ ಬರಲಿಲ್ಲ.

ಇತರ ಚುನಾವಣೆಗಳ ಜೊತೆ ನಡೆಸಿದಾಗ ಸ್ಥಿತಿ ಸುಧಾರಿಸಿತು. 2021ರಲ್ಲಿ ಮತದಾನ ಮೂರನೇ ಒಂದು ಭಾಗದ ಆಸುಪಾಸಿಗೆ ಏರಿ, 2024ರಲ್ಲಿ ಮತ್ತೆ ನಾಲ್ಕನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಅಷ್ಟರಲ್ಲಿ ಎರಡನೇ ಆಯ್ಕೆಯನ್ನೂ ಗುರುತಿಸಬಹುದಾಗಿದ್ದ ಪದ್ಧತಿಯನ್ನು ಕೈಬಿಟ್ಟು, ಹೆಚ್ಚು ಮತ ಪಡೆದವರೇ ವಿಜಯಿ ಎಂಬ ಸರಳ ಪದ್ಧತಿ ಬಂದಿತ್ತು. ಸಣ್ಣ ಮತದಾನದಲ್ಲಿ ಇನ್ನೂ ಸಣ್ಣ ಪಾಲು ಪಡೆದವರೂ ಗೆಲ್ಲಬಹುದಾಯಿತು. ಈ ಬದಲಾವಣೆ ಹುದ್ದೆಯ ನೈತಿಕ ಬಲವನ್ನು ಕುಗ್ಗಿಸಿತೆಂದೇ ಹೇಳಬೇಕು.

ರೋದರ್‌ಹ್ಯಾಮ್ ಬಯಲಿಗಿಟ್ಟ ಕೊರತೆ

ಮತದಾನದ ಪ್ರಮಾಣಕ್ಕಿಂತ ಆಳವಾದ ದೋಷ ಹೊರಬಿದ್ದದ್ದು 2014ರಲ್ಲಿ. ರೋದರ್‌ಹ್ಯಾಮ್ ಪಟ್ಟಣದಲ್ಲಿ 16 ವರ್ಷಗಳ ಅವಧಿಯಲ್ಲಿ ಕಡಿಮೆಯೆಂದರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾಗಿದ್ದರೆಂದು ಆ ಆಗಸ್ಟ್‌ನಲ್ಲಿ ವಿಚಾರಣಾ ವರದಿ ಹೇಳಿತು. ಆ ವರ್ಷಗಳಲ್ಲಿ ಕೆಲಕಾಲ ಸ್ಥಳೀಯ ಸಂಸ್ಥೆಯ ಮಕ್ಕಳ ವಿಭಾಗದ ಹೊಣೆ ಹೊತ್ತಿದ್ದವರೇ ಆಗ ಆ ಪಟ್ಟಣವಿರುವ ದಕ್ಷಿಣ ಯಾರ್ಕ್‌ಶೈರ್‌ನ ಆಯುಕ್ತರಾಗಿದ್ದರು. ಗೃಹ ಸಚಿವರು ಹೋಗಿ ಎಂದರು, ಸ್ವಂತ ಪಕ್ಷವೂ ಹೋಗಿ ಎಂದಿತು. ಹೋಗಲೇಬೇಕೆಂದು ಆದೇಶಿಸುವ ಅಧಿಕಾರ ಯಾರಿಗೂ ಇರಲಿಲ್ಲ. ವಾರಗಳ ನಂತರ ಅವರೇ ರಾಜೀನಾಮೆ ಕೊಟ್ಟರು.

ಆಯುಕ್ತರ ಮೇಲೆ ನಿಗಾ ಇಡಲು ಸ್ಥಳೀಯ ಸಮಿತಿಗಳು ಇಲ್ಲವೆಂದಲ್ಲ. ಮೂರನೇ ಎರಡರಷ್ಟು ಬಹುಮತವಿದ್ದರೆ ತೆರಿಗೆ ಪ್ರಸ್ತಾವವನ್ನೂ ಮುಖ್ಯಸ್ಥರ ನೇಮಕವನ್ನೂ ಅವು ತಡೆಯಬಲ್ಲವು. ಆದರೆ ಆಯುಕ್ತರನ್ನು ಅಮಾನತಿನಲ್ಲಿಡಲು, ಎರಡು ವರ್ಷಕ್ಕೂ ಮೀರಿದ ಶಿಕ್ಷೆಯ ಆರೋಪ ಅವರ ಮೇಲೆ ದಾಖಲಾಗಿರಬೇಕು. ಪ್ರವೇಶದ ಬಾಗಿಲು ಮಾತ್ರ ತೀರಾ ಬಿಗಿ. 2021ರಲ್ಲಿ ವಿಲ್ಟ್‌ಶೈರ್‌ನಲ್ಲಿ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿ, ಹಳೆಯ ಕಾಲದ ಕುಡಿದು ವಾಹನ ಚಲಾಯಿಸಿದ ಶಿಕ್ಷೆಯೊಂದರಿಂದಾಗಿ ಅಧಿಕಾರ ಸ್ವೀಕರಿಸಲಾಗದೆ, ಮರುಚುನಾವಣೆ ನಡೆಸಬೇಕಾಯಿತು. ಒಳಬರುವವರನ್ನು ಇಷ್ಟು ಸೋಸುವ ಕಾನೂನು, ಒಳಬಂದು ಎಡವಿದವರ ಮುಂದೆ ಕೈಕಟ್ಟಿ ನಿಲ್ಲುತ್ತದೆ.

2028ರ ನಂತರ

ಇನ್ನು ಮುಂದೆ ಈ ಅಧಿಕಾರ ಚುನಾಯಿತ ಮೇಯರ್‌ಗಳಿಗೆ, ಮೇಯರ್ ಇಲ್ಲದ ಕಡೆ ಸ್ಥಳೀಯ ಸಂಸ್ಥೆಗಳ ನಾಯಕರಿರುವ ಮಂಡಳಿಗಳಿಗೆ ಹೋಗಲಿದೆ. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ಮೇಯರ್‌ಗಳೇ ಈ ಹೊಣೆ ಹೊತ್ತಿರುವುದರಿಂದ ದಾರಿ ಹೊಸದಲ್ಲ. ಜನರಿಗೆ ಮೇಯರ್ ಯಾರೆಂದು ಗೊತ್ತಿರುವುದು ದೊಡ್ಡ ಅನುಕೂಲ. ಮಂಡಳಿಗಳಿರುವ ಕಡೆ 2011ಕ್ಕೂ ಹಿಂದಿನ ಅಜ್ಞಾತ ಸಮಿತಿಗಳು ಮರಳುವ ಅಪಾಯವಿದೆ.

ಇದೇ ಬ್ರಿಟನ್ 1861ರಲ್ಲಿ ಭಾರತಕ್ಕೆ ಕೊಟ್ಟ ಪೊಲೀಸ್ ಕಾಯ್ದೆಯಲ್ಲಿ ಸ್ಥಳೀಯ ಪ್ರತಿನಿಧಿಗಳ ಮಾತೇ ಇರಲಿಲ್ಲ, ಪೊಲೀಸರು ಜಿಲ್ಲಾ ಮ್ಯಾಜಿಸ್ಟ್ರೇಟರ ಹತೋಟಿಯಲ್ಲಿದ್ದರು. 2006ರ ಸುಪ್ರೀಂ ಕೋರ್ಟ್ ತೀರ್ಪು ರಾಜ್ಯ ಭದ್ರತಾ ಆಯೋಗ, ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಹೇಳಿದ ಮೇಲೆ ಕರ್ನಾಟಕವೂ 2012ರಲ್ಲಿ ತನ್ನ ಕಾಯ್ದೆಗೆ ತಿದ್ದುಪಡಿ ತಂದಿತು. ನಮ್ಮಲ್ಲಿ ಮುಖ್ಯ ಚಿಂತೆ ಪೊಲೀಸರನ್ನು ಆಳುವವರ ಒತ್ತಡದಿಂದ ಬಿಡಿಸುವುದು. ಬ್ರಿಟನ್ನಿನದು ಅವರನ್ನು ಜನರ ಹತ್ತಿರ ತರುವುದು. ಎರಡೂ ಕಡೆ ತೂಗಿ ನೋಡಬೇಕಾದ್ದು, ಮೇಲ್ವಿಚಾರಕರನ್ನು ಅವಧಿಯ ನಡುವೆ ಪ್ರಶ್ನಿಸುವ, ಅಗತ್ಯ ಬಿದ್ದರೆ ಇಳಿಸುವ ದಾರಿ ಇದೆಯೇ ಎಂಬುದನ್ನು. ರಸ್ತೆ, ವಸತಿ, ಸಾರಿಗೆಯನ್ನೂ ನೋಡಿಕೊಳ್ಳುವ ಮೇಯರ್‌ಗೆ ಮತ ಹಾಕುವವರು ಪೊಲೀಸರ ಬಗ್ಗೆ ಮಾತ್ರ ತೀರ್ಪು ಕೊಡಲಾರರು. ಹಾಗಾಗಿ 2028ಕ್ಕೆ ಮೊದಲು ಬರುವ ಕಾನೂನಿನಲ್ಲಿ ಪರಿಶೀಲನಾ ಸಮಿತಿಗಳಿಗೆ ಎಷ್ಟು ಬಲ ಸಿಗುತ್ತದೆ ಎಂಬುದೇ ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ.