ಭೂಕಂಪವನ್ನು ಅಭ್ಯಸಿಸಿದ ಗುರು: ದಿವಂಗತ ಫಾದರ್ ಮ್ಯಾಕೆಲ್ವೇನ್

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಸೀಮೆಯಲ್ಲಿ ಭೂಮಿ ನಡುಗಿ ಸಾವಿರಾರು ಜನರು ಮಡಿದಾಗ ನಾವು ಸೆಮಿನರಿಯಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿಗಳಾಗಿದ್ದೆವು. ಭಾನುವಾರದ ಬಲಿಪೂಜೆಯ ಬಳಿಕ ವೃದ್ಧ ತಾಯಿಯೊಬ್ಬರು ನಮ್ಮನ್ನು ತಡೆದು, “ಬ್ರದರ್, ಇದು ಯಾರ ಪಾಪಕ್ಕೆ ಬಂದ ಶಿಕ್ಷೆ?” ಎಂದು ಕೇಳಿದರು. ಸಂತ ತೋಮಸ್ ಅಕ್ವಿನಾಸರ ಕಾರಣಮೀಮಾಂಸೆಯನ್ನು ಕಂಠಪಾಠ ಮಾಡಿದ್ದ ನಾವು ಏನೋ ತೊದಲಿ ಜಾರಿಕೊಂಡೆವು. ಮುಂದೆ ಫಾದರ್ ಜೇಮ್ಸ್ ಬರ್ನಾರ್ಡ್ ಮ್ಯಾಕೆಲ್ವೇನ್ ಅವರ ಜೀವನವನ್ನು ಓದುವಂತೆ ನಮ್ಮನ್ನು ಪ್ರೇರಿಸಿದ್ದು ಅಂದಿನ ಆ ನಾಚಿಕೆಯೇ.

1883ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಜನಿಸಿದ ಇವರು 1903ರಲ್ಲಿ ಯೇಸುಸಭೆಯನ್ನು ಸೇರಿ, 1918ರಲ್ಲಿ ಗುರುದೀಕ್ಷೆ ಪಡೆದರು. 1923ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ಭೂಕಂಪಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದಾಗ ಅವರಿಗೆ ನಲ್ವತ್ತರ ಹತ್ತಿರ ವಯಸ್ಸು. ತಡವಾಯಿತೆಂದು ಕೈಚೆಲ್ಲುವ ಪ್ರಾಯ ಅದು. 1925ರಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಮರಳಿದ ಅವರು ಭೂಭೌತಶಾಸ್ತ್ರಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದರು. ಅಮೆರಿಕದಲ್ಲಿ ಆ ವಿಷಯಕ್ಕೆ ಮೀಸಲಾದ ಪ್ರಥಮ ವಿಭಾಗವದು.

ಯೇಸುಸಭೆಯ ಕಾಲೇಜುಗಳಲ್ಲಿ ಭೂಕಂಪಮಾಪಕಗಳು ಮೊದಲೇ ಇದ್ದವು. ಆದರೆ ಒಂಟಿ ಮಾಪಕ ಹೇಳುವುದು ಅರ್ಧ ಮಾತ್ರ. ಭೂಕಂಪದ ತಾಣದಿಂದ ಹೊರಟ ಅಲೆಗಳಲ್ಲಿ ಒಂದು ಬಗೆಯದು ಶೀಘ್ರವಾಗಿಯೂ ಇನ್ನೊಂದು ನಿಧಾನವಾಗಿಯೂ ಬರುತ್ತದೆ. ಇವುಗಳ ನಡುವಿನ ಅಂತರ 10 ಸೆಕೆಂಡುಗಳಾದರೆ ಕಂಪನದ ಮೂಲ ಸುಮಾರು 80 ಕಿಲೋಮೀಟರ್ ದೂರದಲ್ಲಿದೆಯೆಂದು ಲೆಕ್ಕ. ದೂರ ತಿಳಿಯಿತು, ದಿಕ್ಕು ತಿಳಿಯಲಿಲ್ಲ. ಮೂರು ಕೇಂದ್ರಗಳು ತಮ್ಮ ತಮ್ಮ ದೂರವನ್ನು ತಿಳಿಸಿದರೆ ಭೂಪಟದ ಮೇಲೆ ಎಳೆದ ಮೂರು ವೃತ್ತಗಳು ಕೂಡುವಲ್ಲಿ ಸ್ಥಳ ಸಿಕ್ಕುತ್ತದೆ. ಚದುರಿದ್ದ ಕಾಲೇಜುಗಳ ವೀಕ್ಷಣೆಗಳನ್ನು 1925ರಿಂದ ಸೇಂಟ್ ಲೂಯಿಸ್‌ಗೆ ತರಿಸಿ ಒಗ್ಗೂಡಿಸಿದ್ದು ಫಾದರ್ ಅವರ ದೊಡ್ಡ ಕೆಲಸವೆಂದು ನಾವು ಎಣಿಸುತ್ತೇವೆ. ಪ್ರಶಸ್ತಿಗಳ ಪಟ್ಟಿ ಅನಂತರದ್ದು.

ಪಟ್ಟಿಯೇನೂ ಸಣ್ಣದಲ್ಲ. 1936ರಲ್ಲಿ ಭೂಕಂಪಶಾಸ್ತ್ರದ ಪಠ್ಯಗ್ರಂಥ ಬರೆದರು. 1944ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಅಮೆರಿಕನ್ ಭೂಭೌತ ಒಕ್ಕೂಟದ ಅಧ್ಯಕ್ಷರೂ ಆದರು.

ಗುರುವಿಗೆ ಈ ಉಸಾಬರಿ ಏಕೆಂದು ಕೇಳುವವರುಂಟು. ದೇವರು ಆದಿಕಾರಣ, ಸೃಷ್ಟಿಯ ವಸ್ತುಗಳೂ ತಮ್ಮ ಮಟ್ಟದಲ್ಲಿ ನಿಜವಾದ ಕಾರಣಗಳೇ ಎಂದು ಅಕ್ವಿನಾಸರು ಕಲಿಸಿದರು. ಶಿಲೆ ಬಿರಿಯುವ ಬಗೆಯನ್ನು ಅರಸುವವನು ದೇವರ ಪಾಲನ್ನು ಕಸಿಯುವುದಿಲ್ಲ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಇತರರಿಗಿಂತ ಪಾಪಿಗಳಲ್ಲವೆಂದು ಪ್ರಭು ಯೇಸುವೇ ಹೇಳಿದ್ದಾರೆ. ಲಾತೂರು ಸೀಮೆಯಲ್ಲಿ ಮಲಗಿದ್ದವರ ಮೇಲೆ ಕುಸಿದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರವಾದ ಮಾಳಿಗೆ. ಆ ತಾಯಿಗೆ ನಾವು ಅಂದು ಇಷ್ಟನ್ನಾದರೂ ಹೇಳಬಹುದಿತ್ತು.

ಫಾದರ್ ಮ್ಯಾಕೆಲ್ವೇನ್ 1956ರ ಫೆಬ್ರವರಿ 15ರಂದು ದೈವಾಧೀನರಾದರು. ಅವರ ಹೆಸರಿನ ಪದಕವನ್ನು ಭೂಭೌತ ಒಕ್ಕೂಟವು 1961ರಲ್ಲಿ ಸ್ಥಾಪಿಸಿತು. ಅದು ಸಲ್ಲುವುದು ವೃತ್ತಿಯ ಆರಂಭದಲ್ಲಿರುವ ಕಿರಿಯ ವಿಜ್ಞಾನಿಗಳಿಗೆ.